ಮಸೂದೆಗೆ ಎಷ್ಟು ಖರ್ಚು? ಮತಕ್ಕೆ ಹಾಕುವ ಮೊದಲೇ ಲೆಕ್ಕ ಹಾಕುವ ಬಗೆ

ಕರ್ನಾಟಕ ವಿಧಾನಮಂಡಲದಲ್ಲಿ ಮಂಡನೆಯಾಗುವ ಯಾವುದೇ ವಿಧೇಯಕದ ಕೊನೆಯ ಪುಟಗಳನ್ನು ತೆರೆಯಿರಿ. ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ಯ ಕೆಳಗೆ ‘ಆರ್ಥಿಕ ಜ್ಞಾಪನಾ ಪತ್ರ’ ಎಂಬ ತಲೆಬರಹ ಇರುತ್ತದೆ. ಬಹಳಷ್ಟು ಸಲ ಅದರಡಿ ಇರುವುದು ಒಂದೇ ವಾಕ್ಯ: ಪ್ರಸ್ತಾವಿತ ಶಾಸನ ಕ್ರಮದಿಂದ ಹೆಚ್ಚುವರಿ ವೆಚ್ಚವೇನೂ ಇಲ್ಲ. ಈ ವಾಕ್ಯ ನಿಜವೋ ಅಲ್ಲವೋ ಎಂದು ನೋಡುವುದಕ್ಕೆ ಅರ್ಥಶಾಸ್ತ್ರದ ಪದವಿ ಬೇಡ. ವಿಧೇಯಕದ ಪ್ರತಿ, ಆಯವ್ಯಯದ ಸಂಪುಟ, ಒಂದು ಎಕ್ಸೆಲ್ ಹಾಳೆ, ಅರ್ಧ ದಿನ ಇದ್ದರೆ ಸಾಕು. ಶಾಸಕರ ಆಪ್ತ ಸಹಾಯಕರು, ವರದಿಗಾರರು, ಸಂಘಟನೆಗಳವರು, ಯಾರು ಬೇಕಾದರೂ ಮಾಡಬಹುದು. ಮಂಡನೆಯಾದ ಒಂದೆರಡು ದಿನದಲ್ಲೇ ಅಂಗೀಕಾರವಾಗುವ ವಿಧೇಯಕಗಳೂ ಇರುತ್ತವೆ. ಆದ್ದರಿಂದ ಬೇಗ ಮುಗಿಯುವ ವಿಧಾನವನ್ನೇ ಇಲ್ಲಿ ಕೊಟ್ಟಿದೆ.

ಕಾನೂನು ಏನು ಕೇಳುತ್ತದೆ

ರಾಜ್ಯದ ಸಂಚಿತ ನಿಧಿಯಿಂದ (ಸರ್ಕಾರದ ಮುಖ್ಯ ಖಜಾನೆಯಿಂದ) ವೆಚ್ಚ ಮಾಡಬೇಕಾಗುವ ವಿಧೇಯಕವನ್ನು ರಾಜ್ಯಪಾಲರ ಶಿಫಾರಸಿಲ್ಲದೆ ಅಂಗೀಕರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 207(3)ನೇ ಅನುಚ್ಛೇದ. ಸಂಸತ್ತಿಗೆ ಇದೇ ಮಾತನ್ನು 117(3) ಹೇಳುತ್ತದೆ, ಅಲ್ಲಿ ಶಿಫಾರಸು ರಾಷ್ಟ್ರಪತಿಗಳದು. ಲೋಕಸಭೆಯ ಕಾರ್ಯವಿಧಾನ ನಿಯಮ 69 ಇನ್ನೂ ಸ್ಪಷ್ಟ. ವೆಚ್ಚ ಬರುವ ಖಂಡಗಳು (ವಿಧೇಯಕದ ಕಲಮುಗಳು) ಯಾವುವೆಂದು ಜ್ಞಾಪನಾ ಪತ್ರದಲ್ಲಿ ಎತ್ತಿ ತೋರಿಸಬೇಕು, ಆವರ್ತಕ (ವರ್ಷ ವರ್ಷ ಬರುವ) ಮತ್ತು ಅನಾವರ್ತಕ (ಒಂದು ಸಲದ) ವೆಚ್ಚದ ಅಂದಾಜು ಕೊಡಬೇಕು, ಆ ಖಂಡಗಳನ್ನು ದಪ್ಪ ಅಕ್ಷರದಲ್ಲೋ ಓರೆ ಅಕ್ಷರದಲ್ಲೋ ಅಚ್ಚು ಮಾಡಬೇಕು. ಆದರೆ ಅಂದಾಜು ಹಾಕುವವರು ವಿಧೇಯಕ ತರುವ ಸರ್ಕಾರದವರೇ. ಅಮೆರಿಕದ ಸಂಸತ್ತು 1974ರ ಕಾಯ್ದೆಯ ಮೂಲಕ ಕಾಂಗ್ರೆಷನಲ್ ಬಜೆಟ್ ಆಫೀಸ್ ಎಂಬ ಪಕ್ಷಾತೀತ ಕಚೇರಿಯನ್ನು ತನಗಾಗಿ ಕಟ್ಟಿಕೊಂಡಿತು. ಸಮಿತಿಗಳು ಒಪ್ಪಿ ಕಳಿಸಿದ ಹೆಚ್ಚುಕಡಿಮೆ ಪ್ರತಿಯೊಂದು ಮಸೂದೆಗೂ ಅದು ವೆಚ್ಚದ ಅಂದಾಜು ಬರೆಯುತ್ತದೆ. ಅಂಥ ಕಚೇರಿ ನಮ್ಮ ಸಂಸತ್ತಿಗೂ ಇಲ್ಲ, ವಿಧಾನಸೌಧಕ್ಕೂ ಇಲ್ಲ. ಹಾಗಾಗಿ ಲೆಕ್ಕ ಹೊರಗಿನಿಂದಲೇ ಆಗಬೇಕು.

ಮೊದಲು ಕ್ರಿಯಾಪದ ಓದಿ

ವಿಧಾನಮಂಡಲದ ಜಾಲತಾಣದಿಂದ ವಿಧೇಯಕದ ಪ್ರತಿ ಇಳಿಸಿಕೊಳ್ಳಿ. ಸಂಖ್ಯೆ, ವರ್ಷ, ಯಾವ ಸದನದಲ್ಲಿ ಮಂಡನೆಯಾದದ್ದು ಎಂಬುದನ್ನು ಹಾಳೆಯ ತಲೆಗೆ ಬರೆದುಕೊಳ್ಳಿ. ತಿದ್ದುಪಡಿ ವಿಧೇಯಕವಾದರೆ ಮೂಲ ಕಾಯ್ದೆಯೂ ಪಕ್ಕದಲ್ಲಿರಲಿ. ‘“ಮೂವರು” ಎಂಬ ಪದದ ಬದಲಿಗೆ “ಏಳು ಮಂದಿ” ಎಂಬ ಪದಗಳನ್ನು ಪ್ರತಿಯೋಜಿಸತಕ್ಕದ್ದು’ ಎಂಬ ಒಂದು ಸಾಲಿನಲ್ಲಿ ನಾಲ್ಕು ಸದಸ್ಯರ ಗೌರವಧನ, ಕಾರು, ಆಪ್ತ ಸಿಬ್ಬಂದಿ ಎಲ್ಲ ಅಡಗಿರುತ್ತದೆ. ಮೂಲ ಕಾಯ್ದೆ ನೋಡದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ.

ಈಗ ಪೆನ್ಸಿಲ್ ಹಿಡಿದು ನಾಲ್ಕು ಬಗೆಯ ಪದಗಳಿಗೆ ಗೆರೆ ಎಳೆಯಿರಿ.

‘ತಕ್ಕದ್ದು’: ಶಾಸನದ ಕನ್ನಡದಲ್ಲಿ ಕಡ್ಡಾಯ ಎಂದರೆ ಇದೇ. ‘ಸರ್ಕಾರವು ಪ್ರಾಧಿಕಾರವನ್ನು ಸ್ಥಾಪಿಸತಕ್ಕದ್ದು’ ಎಂದರೆ ಖರ್ಚು ಖಚಿತ.

‘ಬಹುದು’: ‘ಸ್ಥಾಪಿಸಬಹುದು’ ಎಂದಿದ್ದರೆ ಖರ್ಚು ಸರ್ಕಾರದ ಮರ್ಜಿ. ಇದನ್ನು ಬೇರೆ ಕಾಲಮಿನಲ್ಲಿ ಇಡಿ, ‘ತಕ್ಕದ್ದು’ ಜೊತೆ ಕೂಡಿಸಬೇಡಿ.

‘ಪ್ರತಿ’: ಪ್ರತಿ ಜಿಲ್ಲೆ, ಪ್ರತಿ ತಾಲ್ಲೂಕು, ಪ್ರತಿ ಗ್ರಾಮ ಪಂಚಾಯಿತಿ, ಪ್ರತಿ ಫಲಾನುಭವಿ. ಗುಣಿಸುವ ಸಂಖ್ಯೆ ಇಲ್ಲಿ ಸಿಗುತ್ತದೆ. ಜಿಲ್ಲೆಯಾದರೆ 31. ಅದೇ ಜಾಗದಲ್ಲಿ ಗ್ರಾಮ ಪಂಚಾಯಿತಿ ಎಂದಿದ್ದರೆ ಅಂಕಿ ಸುಮಾರು ಆರು ಸಾವಿರಕ್ಕೆ ಹಾರುತ್ತದೆ.

‘ನಿಯಮಿಸಬಹುದಾದಂತೆ’: ಮೊತ್ತ, ಅರ್ಹತೆ, ಸಿಬ್ಬಂದಿ ಸಂಖ್ಯೆ ಎಲ್ಲವನ್ನೂ ಆಮೇಲೆ ನಿಯಮಗಳಲ್ಲಿ ಹೇಳುತ್ತೇವೆ ಎಂದರ್ಥ. ವೆಚ್ಚ ಅಡಗಿ ಕೂರಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪ್ರತ್ಯಾಯೋಜಿತ ಶಾಸನದ (ನಿಯಮ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಬಿಡುವುದರ) ಜ್ಞಾಪನಾ ಪತ್ರವೂ ಹಿಂದುಗಡೆಯೇ ಇರುತ್ತದೆ. ಯಾವ ಯಾವ ಖಂಡದಲ್ಲಿ ಹೀಗೆ ಅಧಿಕಾರ ಬಿಟ್ಟುಕೊಟ್ಟಿದೆ ಎಂದು ಅಲ್ಲಿ ಪಟ್ಟಿಯೇ ಸಿಗುತ್ತದೆ.

ಇಷ್ಟಾದ ಮೇಲೆ ಆರ್ಥಿಕ ಜ್ಞಾಪನಾ ಪತ್ರ ಓದಿ. ಮೊದಲೇ ಓದಿದರೆ ಅದರ ಅಂಕಿ ತಲೆಯಲ್ಲಿ ಕೂತುಬಿಡುತ್ತದೆ.

ತಳಗೆರೆ ಹಾಕಿಕೊಳ್ಳುವುದು

ಕಾಯ್ದೆ ಬಾರದಿದ್ದರೂ ಆಗುತ್ತಿದ್ದ ಖರ್ಚು ತಳಗೆರೆ. ಕಾಯ್ದೆಯ ವೆಚ್ಚವೆಂದರೆ ಅದರ ಮೇಲೆ ಬೀಳುವ ಹೆಚ್ಚುವರಿ ಮಾತ್ರ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಈಗಾಗಲೇ ಸರ್ಕಾರಿ ಆದೇಶದ ಮೇಲೆ ನಡೆಯುತ್ತಿರುವ ಯೋಜನೆಗೆ ಶಾಸನದ ಬಲ ಕೊಡುವ ವಿಧೇಯಕ ಬಂದಾಗ, ಯೋಜನೆಯ ಪೂರ್ತಿ ಮೊತ್ತವನ್ನೇ ವಿಧೇಯಕದ ವೆಚ್ಚ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ತಿರುಗುಮುರುಗು ತಪ್ಪೂ ಉಂಟು. ‘ಈಗಿರುವ ಸಿಬ್ಬಂದಿಯೇ ನೋಡಿಕೊಳ್ಳುತ್ತಾರೆ’ ಎಂಬ ಇಲಾಖೆಯ ಮಾತನ್ನು ನಂಬಿ ಸೊನ್ನೆ ಬರೆಯುವುದು. ಹೆಚ್ಚುವರಿ ಪ್ರಭಾರದಲ್ಲಿರುವ ಅಧಿಕಾರಿಗೆ ಇನ್ನೊಂದು ಪ್ರಭಾರ ಕೊಟ್ಟರೆ ಮೊದಲ ವರ್ಷ ಖರ್ಚು ನಿಜಕ್ಕೂ ಸೊನ್ನೆ, ಕೆಲಸವೂ ಸೊನ್ನೆ. ಎರಡನೇ ವರ್ಷ ಹುದ್ದೆ ಮಂಜೂರಾತಿಗೆ ಕಡತ ಆರ್ಥಿಕ ಇಲಾಖೆಗೆ ಹೋಗುತ್ತದೆ.

ತಳಗೆರೆಗೆ ಅಂಕಿ ಸಿಗುವುದು ಆಯವ್ಯಯದ ವಿವರವಾದ ಅಂದಾಜುಗಳಲ್ಲಿ. ಪ್ರಧಾನ ಲೆಕ್ಕ ಶೀರ್ಷಿಕೆಯಿಂದ (ಪ್ರತಿ ಬಾಬತ್ತಿಗೆ ಇರುವ ನಾಲ್ಕಂಕಿಯ ಸಂಖ್ಯೆಯಿಂದ) ಹುಡುಕಿ: ನ್ಯಾಯಾಡಳಿತ 2014, ಜಿಲ್ಲಾ ಆಡಳಿತ 2053, ಪಿಂಚಣಿ 2071, ಸಾಮಾನ್ಯ ಶಿಕ್ಷಣ 2202, ವೈದ್ಯಕೀಯ 2210. ಪ್ರತಿ ಶೀರ್ಷಿಕೆಯಡಿ ಹಿಂದಿನ ವರ್ಷದ ಲೆಕ್ಕ, ಈ ವರ್ಷದ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಅಂತ ಕಾಲಮುಗಳಿರುತ್ತವೆ. ನಿಜವಾಗಿ ಖರ್ಚಾದದ್ದು ‘ಲೆಕ್ಕ’ ಎಂಬ ಕಾಲಮಿನಲ್ಲಿ. ಆಯವ್ಯಯ ಅಂದಾಜನ್ನೇ ಖರ್ಚೆಂದು ತಿಳಿದರೆ ತಳಗೆರೆ ಎತ್ತರಕ್ಕೆ ಹೋಗಿ, ಹೊಸ ಕಾಯ್ದೆಯ ವೆಚ್ಚ ಇದ್ದದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ.

ಒಂದು ಲೆಕ್ಕ, ಬಿಡಿಸಿ

ಮಾದರಿಗೆಂದು ಕಾಲ್ಪನಿಕ ವಿಧೇಯಕವೊಂದನ್ನು ತೆಗೆದುಕೊಳ್ಳೋಣ. ಖಂಡ 3: ಪ್ರತಿ ಜಿಲ್ಲೆಯಲ್ಲಿ ಕೊಳವೆಬಾವಿ ಸುರಕ್ಷತಾ ಕೋಶ ಸ್ಥಾಪಿಸತಕ್ಕದ್ದು. ಖಂಡ 5: ಬತ್ತಿದ ಕೊಳವೆಬಾವಿ ಮುಚ್ಚಿಸಿದ ಮಾಲೀಕನಿಗೆ 4,000 ರೂಪಾಯಿ ಸಹಾಯಧನ ಕೊಡತಕ್ಕದ್ದು. ಖಂಡ 7: ಎಲ್ಲ ಕೊಳವೆಬಾವಿಗಳ ಆನ್‌ಲೈನ್ ದಾಖಲೆ ಇಡತಕ್ಕದ್ದು. ಖಂಡ 9: ತೆರೆದಿಟ್ಟವರಿಗೆ ದಂಡ. ಕೆಳಗಿನ ದರಗಳೆಲ್ಲ ಲೆಕ್ಕ ತೋರಿಸಲು ಹಿಡಿದವು. ನೀವು ಮಾಡುವಾಗ ಆ ದಿನದ ವೇತನ ಶ್ರೇಣಿ, ತುಟ್ಟಿಭತ್ಯೆ, ಟೆಂಡರ್ ದರ ಹಾಕಿಕೊಳ್ಳಿ.

ಕೋಶಕ್ಕೆ ಒಬ್ಬ ಎಂಜಿನಿಯರ್ (ಮೂಲವೇತನ 70,000), ಒಬ್ಬ ಪ್ರಥಮ ದರ್ಜೆ ಸಹಾಯಕ (45,000). ಒಟ್ಟು 1,15,000. ಮೂಲವೇತನವನ್ನೇ ಸಂಬಳ ಎಂದುಕೊಂಡರೆ ಲೆಕ್ಕ ಅಲ್ಲೇ ಕೆಟ್ಟಿತು. ತುಟ್ಟಿಭತ್ಯೆ ಶೇ 15, ಮನೆಬಾಡಿಗೆ ಭತ್ಯೆ ಸರಾಸರಿ ಶೇ 10 ಎಂದಿಟ್ಟುಕೊಳ್ಳಿ. ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ) ಸರ್ಕಾರದ ವಂತಿಗೆ ಶೇ 14, ಅದೂ ಮೂಲವೇತನ ಮತ್ತು ತುಟ್ಟಿಭತ್ಯೆ ಎರಡರ ಮೇಲೆ. ಇವೆಲ್ಲ ಸೇರಿ 1.41 ಪಟ್ಟು. ವೈದ್ಯಕೀಯ ವೆಚ್ಚ, ರಜೆ ನಗದೀಕರಣ ಅಂತ ಸೇರಿಸಿ 1.45 ಎಂದು ಹಿಡಿಯಿರಿ. ತಿಂಗಳಿಗೆ 1,66,750, ವರ್ಷಕ್ಕೆ 20.01 ಲಕ್ಷ. 31 ಜಿಲ್ಲೆಗೆ 6.20 ಕೋಟಿ.

ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗೆ ತಿಂಗಳಿಗೆ 25,000. ಇದು ಏಜೆನ್ಸಿ ಕಮಿಷನ್, ಇಎಸ್‌ಐ, ಪಿಎಫ್, ಜಿಎಸ್‌ಟಿ ಎಲ್ಲ ಸೇರಿದ ಬಿಲ್ ಮೊತ್ತ, ಹುಡುಗನ ಕೈಗೆ ಸಿಗುವುದು ಇದಲ್ಲ. ಬಾಡಿಗೆ ವಾಹನ 45,000, ಕಚೇರಿ ವೆಚ್ಚ 15,000. ಜಿಲ್ಲೆಗೆ ವರ್ಷಕ್ಕೆ 10.20 ಲಕ್ಷ, ರಾಜ್ಯಕ್ಕೆ 3.16 ಕೋಟಿ.

ತಂತ್ರಾಂಶಕ್ಕೆ 2 ಕೋಟಿ ಒಂದು ಸಲದ ಖರ್ಚು. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನಿರ್ವಹಣೆಗೆ ವರ್ಷಕ್ಕೆ ಅದರ ಶೇ 20, ಅಂದರೆ 40 ಲಕ್ಷ, ಆವರ್ತಕ ವೆಚ್ಚಕ್ಕೆ ಸೇರಬೇಕು. ಮೇಜು, ಕುರ್ಚಿ, ಕಂಪ್ಯೂಟರಿಗೆ ಜಿಲ್ಲೆಗೆ 3 ಲಕ್ಷದಂತೆ 93 ಲಕ್ಷ.

ಒಟ್ಟು: ಅನಾವರ್ತಕ 2.93 ಕೋಟಿ, ಆವರ್ತಕ ವರ್ಷಕ್ಕೆ ಸುಮಾರು 9.77 ಕೋಟಿ.

ಇದನ್ನು ಐದು ವರ್ಷಕ್ಕೆ ಹರಡಿ. ಕಾಯ್ದೆ ಅಕ್ಟೋಬರಿನಲ್ಲಿ ಜಾರಿಗೆ ಬಂದರೆ ಮೊದಲ ವರ್ಷ ಅರ್ಧ ಮಾತ್ರ. ಆಮೇಲೆ ವಾರ್ಷಿಕ ವೇತನ ಬಡ್ತಿ, ತುಟ್ಟಿಭತ್ಯೆ, ಬೆಲೆ ಏರಿಕೆ ಎಲ್ಲ ಸೇರಿ ವರ್ಷಕ್ಕೆ ಶೇ 8 ಹೆಚ್ಚಳ ಎಂದು ಹಿಡಿದರೆ 4.89, 10.55, 11.40, 12.31, 13.29 ಕೋಟಿ. ಒಂದು ಸಲದ ಖರ್ಚೂ ಸೇರಿ ಐದು ವರ್ಷಕ್ಕೆ ಸುಮಾರು 55 ಕೋಟಿ. ಮೊದಲ ವರ್ಷದ ಅಂಕಿ ನೋಡಿ ‘ಐದು ಕೋಟಿಯ ಕಾಯ್ದೆ’ ಎಂದು ಸದನದಲ್ಲಿ ಹೇಳುವವರಿಗೆ ಈ ಸಾಲನ್ನು ತೋರಿಸಬೇಕು. ಮಧ್ಯದಲ್ಲಿ ವೇತನ ಆಯೋಗ ಬಂದರೆ ಈ ಶೇ 8 ಸಾಲುವುದಿಲ್ಲ. 7ನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಹಳೆಯ ತುಟ್ಟಿಭತ್ಯೆ ಅದರೊಳಗೆ ವಿಲೀನವಾದ್ದರಿಂದ ಕೈಗೆ ಬಂದ ಹೆಚ್ಚಳ ಅಷ್ಟಿಲ್ಲ. ಹಳೆಯ ಶ್ರೇಣಿಗೆ ಹೊಸ ತುಟ್ಟಿಭತ್ಯೆ ಹಾಕುವುದು, ಹೊಸ ಶ್ರೇಣಿಗೆ ಹಳೆಯದನ್ನು ಹಾಕುವುದು, ಎರಡೂ ದಿನಬೆಳಗಾದರೆ ಕಾಣುವ ತಪ್ಪುಗಳು.

ಈಗ ಖಂಡ 5. ಮುಚ್ಚಬೇಕಾದ ಕೊಳವೆಬಾವಿಗಳು ಎಷ್ಟು? ಖಚಿತ ಎಣಿಕೆ ಇಲ್ಲದಿದ್ದರೆ ಒಂದೇ ಅಂಕಿ ಬರೆಯಬೇಡಿ, ಮೂರು ಬರೆಯಿರಿ: 2 ಲಕ್ಷ, 4 ಲಕ್ಷ, 8 ಲಕ್ಷ. ಎಲ್ಲರೂ ಅರ್ಜಿ ಹಾಕುವುದಿಲ್ಲ. ಶೇ 40 ಮಂದಿ ಹಾಕುತ್ತಾರೆ ಎಂದರೆ 32 ಕೋಟಿ, 64 ಕೋಟಿ, 128 ಕೋಟಿ. ಇಷ್ಟು ಹೊತ್ತು ಕುರ್ಚಿ, ಕಾರು ಎಂದು ಎಣಿಸಿದ್ದು 55 ಕೋಟಿ. ಒಂದೇ ಒಂದು ಗೊತ್ತಿಲ್ಲದ ಸಂಖ್ಯೆಯಿಂದ ಅಂದಾಜು 96 ಕೋಟಿಯಷ್ಟು ಆಚೀಚೆ ಆಗುತ್ತಿದೆ. ಅಂದರೆ ಉಳಿದಿರುವ ಎರಡು ಗಂಟೆಯನ್ನು ವಾಹನ ಬಾಡಿಗೆ 45,000ವೋ 48,000ವೋ ಎಂದು ವಿಚಾರಿಸುವುದರಲ್ಲಿ ಕಳೆಯಬಾರದು, ಕೊಳವೆಬಾವಿ ಎಣಿಕೆ ಹುಡುಕುವುದರಲ್ಲಿ ಕಳೆಯಬೇಕು. ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನೂ ಯೋಚಿಸಿ. ಸಹಾಯಧನ ಪ್ರಕಟವಾದ ಮರುದಿನದಿಂದ ಊರಲ್ಲಿ ಬತ್ತಿದ ಬಾವಿಗಳ ಸಂಖ್ಯೆ ಏರುತ್ತದೆ. ಹತ್ತು ವರ್ಷದ ಹಿಂದೆ ಮುಚ್ಚಿದ ಬಾವಿಗೂ ಫೋಟೊ ಬರುತ್ತದೆ. ‘ಕಾಯ್ದೆ ಜಾರಿಗೆ ಬಂದ ನಂತರ ಮುಚ್ಚಿದ’ ಎಂಬ ಮಾತು ಖಂಡದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಶೇ 40 ಬಿಟ್ಟು ಶೇ 70ರಲ್ಲೂ ಒಮ್ಮೆ ಗುಣಿಸಿ.

ಖಂಡ 9ರ ದಂಡವನ್ನು ಆದಾಯ ಎಂದು ಕಳೆಯಬೇಡಿ. ಕಾಯ್ದೆ ಚೆನ್ನಾಗಿ ನಡೆದರೆ ದಂಡ ಬೀಳುವುದಿಲ್ಲ, ನಡೆಯದಿದ್ದರೆ ವಸೂಲಾಗುವುದಿಲ್ಲ.

ಯಾರ ಜೇಬಿನಿಂದ

ಜ್ಞಾಪನಾ ಪತ್ರ ನೋಡುವುದು ಸಂಚಿತ ನಿಧಿಯನ್ನು ಮಾತ್ರ. ಗ್ರಾಮ ಪಂಚಾಯಿತಿಯೋ ನಗರಸಭೆಯೋ ತನ್ನ ತೆರಿಗೆ ಹಣದಲ್ಲಿ ಮಾಡಬೇಕಾದ ಕೆಲಸವಾದರೆ ‘ಹೆಚ್ಚುವರಿ ವೆಚ್ಚ ಇಲ್ಲ’ ಎಂಬ ವಾಕ್ಯ ಅಕ್ಷರಶಃ ಸರಿಯಾಗಿಯೇ ಇರುತ್ತದೆ. ಹಾಗಾಗಿ ಹಾಳೆಯಲ್ಲಿ ಇನ್ನೂ ಮೂರು ಕಾಲಮು ಬೇಕು: ಸ್ಥಳೀಯ ಸಂಸ್ಥೆಗಳು, ಜನರು ಮತ್ತು ಉದ್ಯಮ, ನ್ಯಾಯಾಲಯ.

ನ್ಯಾಯಾಲಯದ ಕಾಲಮು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಹೊಸ ಅಪರಾಧ ಸೃಷ್ಟಿಸಿದರೆ ಪೊಲೀಸರು, ಸರ್ಕಾರಿ ಅಭಿಯೋಜಕರು, ಮ್ಯಾಜಿಸ್ಟ್ರೇಟರ ಸಮಯ ಎಲ್ಲಕ್ಕೂ ದುಡ್ಡು ಬೇಕು. ಸೇಲಂ ವಕೀಲರ ಸಂಘದ ಪ್ರಕರಣದ 2005ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆ ಎತ್ತಿತು. ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ನೇತೃತ್ವದ ಕಾರ್ಯಪಡೆ 2008ರಲ್ಲಿ ವರದಿಯನ್ನೂ ಕೊಟ್ಟಿತು. ಹೊಸ ಕಾಯ್ದೆಯಿಂದ ಹುಟ್ಟುವ ಮೊಕದ್ದಮೆಗಳ ವೆಚ್ಚ ಜ್ಞಾಪನಾ ಪತ್ರದಲ್ಲೇ ಬರಬೇಕು ಎಂಬುದು ಅದರ ಸಾರ. ಲೆಕ್ಕ ಸರಳ: ವರ್ಷಕ್ಕೆ ಎಷ್ಟು ಪ್ರಕರಣ, ಒಂದಕ್ಕೆ ಎಷ್ಟು ಗಂಟೆ, ಒಬ್ಬ ನ್ಯಾಯಾಧೀಶರಿಗೆ ವರ್ಷಕ್ಕೆ ಎಷ್ಟು ಗಂಟೆ. ಭಾಗಿಸಿದರೆ ಎಷ್ಟು ಹೊಸ ನ್ಯಾಯಾಲಯ ಬೇಕೆಂದು ಗೊತ್ತಾಗುತ್ತದೆ.

ವಿಧೇಯಕ ತನ್ನ ಹಣವನ್ನು ತಾನೇ ಎತ್ತುವುದಾದರೆ ಆದಾಯದ ಕಡೆಗೂ ಇದೇ ಕ್ರಮ. ಕರ್ನಾಟಕದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಪಡೆಯುವವರ) 2025ರ ಕಾಯ್ದೆಯಲ್ಲಿ ಪ್ರತಿ ವಹಿವಾಟಿಗೆ ಕಾರ್ಮಿಕನಿಗೆ ಕೊಡುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎಂದಿದೆ. ದರ ಸರ್ಕಾರದ ಅಧಿಸೂಚನೆಗೆ ಬಿಟ್ಟದ್ದು. ಒಂದಕ್ಕೂ ಐದಕ್ಕೂ ನಡುವೆ ಐದು ಪಟ್ಟು ಅಂತರವಿದೆ, ಆದ್ದರಿಂದ ಅಂದಾಜನ್ನೂ ಎರಡು ತುದಿಯಲ್ಲಿ ಮಾಡಬೇಕು. ಗ್ರಾಹಕ ಕೊಟ್ಟ ಬಿಲ್ಲಿನ ಮೇಲೆ ಶೇಕಡಾ ಹಾಕಿದರೆ ಉತ್ತರ ಉಬ್ಬುತ್ತದೆ. ಹಾಕಬೇಕಾದದ್ದು ಕಾರ್ಮಿಕನಿಗೆ ಸಂದಾಯವಾದ ಮೊತ್ತದ ಮೇಲೆ.

ಅಂಕಿ ಇದ್ದರೂ ಬಿಡಿಸಿ ನೋಡಿ

2025ರ ಮಾರ್ಚಿನಲ್ಲಿ ಶಾಸಕರ ಮತ್ತು ಸಚಿವರ ವೇತನ ಹೆಚ್ಚಿಸುವ ಎರಡು ವಿಧೇಯಕಗಳು ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾದವು. ಹೆಚ್ಚುವರಿ ಹೊರೆ ವರ್ಷಕ್ಕೆ ಸುಮಾರು 62 ಕೋಟಿ ಎಂದು ಪತ್ರಿಕೆಗಳಲ್ಲಿ ಬಂತು. (ಶಾಸಕರ ಸಂಬಳದ ವಿಷಯದಲ್ಲಿ ಮಾತ್ರ ಅಂಕಿಗೆ ಕೊರತೆ ಆಗುವುದಿಲ್ಲ.) ಸುದ್ದಿಯ ತಲೆಬರಹ ‘40,000 ಸಂಬಳ 80,000ಕ್ಕೆ’. ಗುಣಿಸಿ ನೋಡಿ: ವಿಧಾನಸಭೆ 224, ಪರಿಷತ್ತು 75, ಒಟ್ಟು 299 ಮಂದಿ. ತಿಂಗಳಿಗೆ 40,000 ಹೆಚ್ಚಳ, 12 ತಿಂಗಳು. 14.35 ಕೋಟಿ. ಸಚಿವರ ಹೆಚ್ಚಳ ಇನ್ನೂ ಸ್ವಲ್ಪ ಜಾಸ್ತಿಯಾದರೂ ಅದರಿಂದ ಬರುವ ವ್ಯತ್ಯಾಸ ಒಂದು ಕೋಟಿಯ ಆಸುಪಾಸು. ಉಳಿದ ನಲವತ್ತೈದಕ್ಕೂ ಹೆಚ್ಚು ಕೋಟಿ ಸಂಬಳದಲ್ಲಿಲ್ಲ. ಅದು ಕ್ಷೇತ್ರ ಪ್ರವಾಸ, ದೂರವಾಣಿ ಮುಂತಾದ ಭತ್ಯೆಗಳಲ್ಲಿ, ಮಾಜಿ ಸದಸ್ಯರ ಪಿಂಚಣಿಯಲ್ಲಿದೆ. ಸದನದ ಹೊರಗೆ ಚರ್ಚೆ ಸಂಬಳದ ಮೇಲೆ ನಡೆಯಿತು, ಹಣ ಇದ್ದದ್ದು ಭತ್ಯೆಯಲ್ಲಿ. ಎರಡು ಸಾಲಿನ ಗುಣಾಕಾರ ಇಷ್ಟನ್ನು ಹೊರಗೆ ತರುತ್ತದೆ.

ದೊಡ್ಡ ಕಾಯ್ದೆಗಳಲ್ಲಿ ಗಲಾಟೆ ಹುಟ್ಟುವುದು ‘ಏನನ್ನು ಸೇರಿಸಿದ್ದೀರಿ’ ಎಂಬಲ್ಲಿ. 2013ರ ಆಹಾರ ಭದ್ರತಾ ಕಾಯ್ದೆಗೆ ಕೇಂದ್ರ ಸರ್ಕಾರ ಹೇಳಿದ ವಾರ್ಷಿಕ ಸಬ್ಸಿಡಿ ಸುಮಾರು 1.25 ಲಕ್ಷ ಕೋಟಿ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗದ ಚರ್ಚಾ ಪ್ರಬಂಧ ಮೂರು ವರ್ಷಕ್ಕೆ ಸುಮಾರು 6.82 ಲಕ್ಷ ಕೋಟಿ ಎಂದಿತು. ಒಂದು ಕಡೆ ಧಾನ್ಯದ ಸಬ್ಸಿಡಿ ಮಾತ್ರ, ಇನ್ನೊಂದು ಕಡೆ ಗೋದಾಮು, ಸಾಗಣೆ, ಉತ್ಪಾದನೆ ಹೆಚ್ಚಿಸುವ ಖರ್ಚೂ ಸೇರಿತ್ತು. ಎರಡು ಅಂಕಿಗಳನ್ನು ಹೋಲಿಸುವ ಮೊದಲು ಒಳಗಿರುವ ಬಾಬತ್ತುಗಳನ್ನು ಸಾಲಾಗಿ ಇಟ್ಟು ನೋಡಿ. ಶಿಕ್ಷಣ ಹಕ್ಕು ವಿಧೇಯಕದ ಜ್ಞಾಪನಾ ಪತ್ರವಂತೂ ವೆಚ್ಚವನ್ನು ಸದ್ಯಕ್ಕೆ ಅಂಕಿಯಲ್ಲಿ ಹೇಳಲಾಗದು ಎಂದುಬಿಟ್ಟಿತ್ತು. 2009ರಲ್ಲಿ ಕಾಯ್ದೆಯಾಯಿತು. ಮರುವರ್ಷ ಐದು ವರ್ಷಕ್ಕೆ 2.31 ಲಕ್ಷ ಕೋಟಿಯ ಅಂದಾಜು ಒಪ್ಪಿ, ಕೇಂದ್ರ ಮತ್ತು ರಾಜ್ಯ 65:35ರಂತೆ ಹಂಚಿಕೊಳ್ಳಬೇಕೆಂದು ತೀರ್ಮಾನವಾಯಿತು. ರಾಜ್ಯಗಳಿಗೆ ತಮ್ಮ ಪಾಲಿನ ಅಂಕಿ ಸಿಕ್ಕಿದ್ದು ಮತದಾನವೆಲ್ಲ ಮುಗಿದ ಮೇಲೆ.

ಒಂದು ಪುಟ, ಮತ್ತು ಗಡಿಯಾರ

ಶಾಸಕರ ಕೈಗೆ ಕೊಡುವ ಟಿಪ್ಪಣಿ ಒಂದು ಪುಟ ಮೀರಬಾರದು. ಮೊದಲ ಸಾಲಿನಲ್ಲೇ ಮೊತ್ತ, ಕೊಳವೆಬಾವಿಯ ಮಾದರಿಗಾದರೆ ಹೀಗೆ: ‘ಐದು ವರ್ಷಕ್ಕೆ 87ರಿಂದ 183 ಕೋಟಿ. ವ್ಯತ್ಯಾಸಕ್ಕೆ ಕಾರಣ ಖಂಡ 5.’ ಕೆಳಗೆ ವರ್ಷವಾರು ಪಟ್ಟಿ, ಪ್ರತಿ ಸಾಲಿಗೂ ಖಂಡದ ಸಂಖ್ಯೆ. ಆಮೇಲೆ ಹಿಡಿದ ದರಗಳು. ಕಡೆಗೆ ಸಚಿವರನ್ನು ಕೇಳಬೇಕಾದ ಎರಡು ಪ್ರಶ್ನೆ, ಮೂರು ಬೇಡ. ವಿಧೇಯಕ ಒಳ್ಳೆಯದೋ ಕೆಟ್ಟದ್ದೋ ಎಂಬ ಅಭಿಪ್ರಾಯ ಬರೆಯಬೇಡಿ. ಬರೆದರೆ ಆಚೆ ಪಕ್ಷದವರು ಅಂಕಿಯನ್ನೂ ನಂಬುವುದಿಲ್ಲ. ಮೊತ್ತವೆಲ್ಲ ಕೋಟಿಯಲ್ಲೇ ಇರಲಿ. ಲಕ್ಷದ ಸಾಲನ್ನು ಕೋಟಿಯ ಕಾಲಮಿನಲ್ಲಿ ಕೂಡಿಸಿದ ತಪ್ಪು ಎಷ್ಟು ಅನುಭವಸ್ಥರಿಂದಲೂ ಆಗುತ್ತದೆ. ಕೊನೆಗೆ ಬೇರೊಬ್ಬರ ಕೈಯಲ್ಲಿ ಕ್ಯಾಲ್ಕುಲೇಟರ್ ಕೊಟ್ಟು ಎರಡು ಸಾಲು ಮತ್ತೆ ಮಾಡಿಸಿ.

ಸದನ ಸಮಿತಿಯಲ್ಲೋ ಪರ್ಯಾಲೋಚನೆಯ ಹೊತ್ತಿನಲ್ಲೋ ತಿದ್ದುಪಡಿ ಬಂದರೆ ಲೆಕ್ಕವೂ ಹೊಸದಾಗಬೇಕು. ಅಮೆರಿಕದ ಕೆಳಮನೆ 2017ರ ಮೇ 4ರಂದು ಆರೋಗ್ಯ ವಿಮೆಯ ಮಸೂದೆಯನ್ನು ಕೊನೆ ಗಳಿಗೆಯ ತಿದ್ದುಪಡಿಗಳೊಂದಿಗೆ ಪಾಸು ಮಾಡಿತು. ತಿದ್ದಿದ ರೂಪಕ್ಕೆ ಕಾಂಗ್ರೆಷನಲ್ ಬಜೆಟ್ ಆಫೀಸಿನ ಅಂದಾಜು ಬಂದದ್ದು ಮೇ 24ಕ್ಕೆ: ಹತ್ತು ವರ್ಷದಲ್ಲಿ ಕೊರತೆ 11,900 ಕೋಟಿ ಡಾಲರ್ ಇಳಿಯುತ್ತದೆ, 2026ರ ಹೊತ್ತಿಗೆ ವಿಮೆ ಇಲ್ಲದವರು 2.3 ಕೋಟಿ ಹೆಚ್ಚುತ್ತಾರೆ. ಮತ ಹಾಕಿದವರ ಕೈಯಲ್ಲಿ ಇದ್ದದ್ದು ಹಳೆಯ ರೂಪದ ಲೆಕ್ಕ. ನಿಮ್ಮ ಎಕ್ಸೆಲ್ ಹಾಳೆಯಲ್ಲಿ ದರ, ಸಂಖ್ಯೆ, ಶೇಕಡಾ ಎಲ್ಲ ಪ್ರತ್ಯೇಕ ಕೋಶಗಳಲ್ಲಿದ್ದರೆ ‘4,000’ ತೆಗೆದು ‘6,000’ ಹಾಕಲು ಒಂದು ನಿಮಿಷ ಸಾಕು. ಸೂತ್ರದೊಳಗೇ ಅಂಕಿ ಬರೆದಿಟ್ಟಿದ್ದರೆ ಸಭಾಧ್ಯಕ್ಷರು ಮತಕ್ಕೆ ಹಾಕುವ ಹೊತ್ತಿಗೆ ನೀವಿನ್ನೂ ಹುಡುಕುತ್ತಿರುತ್ತೀರಿ.

ಹಾಳೆಯನ್ನು ಅಳಿಸಬೇಡಿ. ಮುಂದಿನ ಅಧಿವೇಶನದಲ್ಲಿ ಪೂರಕ ಅಂದಾಜುಗಳ (ವರ್ಷದ ನಡುವೆ ಕೇಳುವ ಹೆಚ್ಚುವರಿ ಹಣದ) ಕಂತು ಮಂಡನೆಯಾದಾಗ ಅದೇ ಲೆಕ್ಕ ಶೀರ್ಷಿಕೆಯ ಎದುರು ಎಷ್ಟು ಕೇಳಿದ್ದಾರೆ ನೋಡಿ, ನಿಮ್ಮ ಅಂಕಿಯ ಪಕ್ಕದ ಕಾಲಮಿನಲ್ಲಿ ಬರೆದಿಡಿ.